ಎರಡು ‘ಕಳಿ’, ಎರಡು ಫೈಲು

ಮಹಾದೇವಿ ಅಕ್ಕಾರ,

ಆರಾಮ ಅದೀರಿ ಅಂತ ಹೆಂಗ ಕೇಳ್ಲಿ? ನಾ ಅಂತೂ ದಣದೇನಿ. ತಾರಿಹಾಳದ ನಮ್ಮ ಸಣ್ಣ ಆಫೀಸಿನ್ಯಾಗ ನಿಮ್ಮ ಕುರ್ಚಿ ಮ್ಯಾಲೆ ಈಗ ಪ್ರಿಂಟರ್ ಇಟ್ಟಾರ. ನೀವು ಹೋದ ಮ್ಯಾಲೆ ನೀವು ಬರದ ಕೋಡ್ ಎಲ್ಲಾ ನನ್ನ ಪಾಲಿಗೆ ಬಂತು.

ಕಾಳಿನ ವ್ಯಾಪಾರಿದೂ ಹತ್ತಿ ಗಿರಣಿದೂ ತೂಕದ ಪ್ರೋಗ್ರಾಂ ಒಂದ ಫೈಲಿನ್ಯಾಗ ಸೇರಿಸಿದ ದಿನ ನೆನಪೈತ್ರಿ? ನಮ್ಮ ಆಫೀಸಿನ ಮಾಲಕರು ಅವಸರ ಮಾಡಾಕತ್ತಿದ್ರು. ನಿಮಗ ಆಗಲೇ ಮೈಯಾಗ ಆರಾಮ ಇದ್ದಿದ್ದಿಲ್ಲ. ‘ಶಬಾನಾ, ಇದನ್ನ ಆಮ್ಯಾಲೆ ಬಿಡಿಸಿ ಇಡೂಣು. ಒಂದೊಂದ ಕೆಲಸಕ್ಕ ಒಂದೊಂದ ಫೈಲು, ಅದಕ್ಕೊಂದ ಹೆಸರು’ ಅಂದ್ರಿ. ಯಾಕ್ರೀ ಅಂದೆ. ‘ನಮ್ಮ ಓಣ್ಯಾಗ ಬಸವ್ವ ಎಷ್ಟ ಮಂದಿ ಅದಾರ? ಯಾರ ಮನಿ ಬಸವ್ವ ಅಂತ ಕೇಳಂಗಿಲ್ಲೇನ?’ ಅಂತ ನಕ್ಕಿದ್ರಿ. ಆ ‘ಆಮ್ಯಾಲೆ’ ಬರೂಕಿಂತ ಮೊದಲ ನೀವ ಹೋಗಿಬಿಟ್ರಿ.

ಈ ಸಲ ಹತ್ತಿ ಬರೂ ಹೊತ್ತಿಗೆ ಗಿರಣಿಯವರು ಹೊಸಾ ರಸೀದಿ ಕೇಳಿದ್ರು. ಫೈಲಿನ ಕೊನಿಗೆ ನಾಕ ಸಾಲ ಬರದೆ. ಮರುದಿನಾನ ಫೋನ್ ಬಂತು, ರಸೀದಿಯಾಗ ಚೀಲದ ತೂಕ ಕಳದಿಲ್ಲ ಅಂತ. ನೋಡಿದ್ರ, ನೀವು ‘ಕಳಿ’ ಅಂತ ಹೆಸರಿಟ್ಟ ಫಂಕ್ಷನ್ ಎರಡ ಅದಾವ. ಮ್ಯಾಲಿಂದು ಚೀಲದ ತೂಕ ಕಳೀತದ, ಕೆಳಗಿಂದು ಕಾಳಿನ ತೇವ. ಕೆಳಗಿಂದು ಮ್ಯಾಲಿಂದನ್ನ ಮುಚ್ಚಿಬಿಟ್ಟಿತ್ತು, ನಾ ಕೊನಿಗೆ ಬರದ ಸಾಲಿಗೆ ಅದ ಸಿಕ್ಕಿತ್ತು.

‘ಇದನ್ನ ತಗದ ಒಗದು ರೆಡಿಮೇಡ್ ತರೂಣು’ ಅಂದ್ರು ಮಾಲಕರು.

‘ಒಂದ ವಾರ ಕೊಡ್ರಿ ಕಾಕಾ.’

‘ಯಾಕವಾ ಇಷ್ಟ ಹಟಾ?’

‘ಅಕ್ಕಾರ ಬರದದ್ದದರಿ.’

‘ಒಂದ ವಾರ ಅಷ್ಟ’ ಅಂದು ಹೊರಗ ಹೋದ್ರು.

ಬಿಡಿಸ್ಕೋತ ಕುಂತೆ. ಚೀಲದ್ದು ‘ತೂಕ’ ಅನ್ನೂ ಫೈಲಿಗೆ, ತೇವದ್ದು ‘ಕಾಳು’ ಫೈಲಿಗೆ. ಈಗ ಫೈಲಿನ ಹೆಸರ ಹಚ್ಚಿ ಕರದ್ರನ ‘ಕಳಿ’ ಬರ್ತದ, ಒಂದಕ್ಕೊಂದು ಅಡ್ಡ ಬರಂಗಿಲ್ಲ. ನಿಮ್ಮ ಫಂಕ್ಷನ್ ಒಂದೂ ಹೊರಗಿಂದೇನೂ ಮುಟ್ಟತಿದ್ದಿಲ್ಲ, ಕೊಟ್ಟದ್ದನ್ನ ತಗೊಂಡು ಉತ್ತರ ಕೊಡೂದಷ್ಟ. ಅದಕ್ಕ ಎತ್ತಿ ಇಡಾಕ ಬಂತು. ಆದರೂ ಎರಡೂ ಫೈಲು ಒಂದನ್ನೊಂದು ಬೇಡಾಕತ್ತಿದ್ವು, ಕಂಪೈಲರ್ ಒಲ್ಲೆ ಅಂತಿತ್ತು. ಎರಡಕ್ಕೂ ಬೇಕಾಗಿದ್ದ, ಗ್ರಾಂ ಬಿಟ್ಟು ಪೂರ್ತಿ ಕಿಲೋ ಮಾಡೂ ಫಂಕ್ಷನ್ ಮೂರನೇ ಫೈಲಿಗೆ ಒಯ್ದ ಮ್ಯಾಲೆ ಒಪ್ಪಿತು. ಖುಷಿ ಆಗಬೇಕಿತ್ತಲ್ರಿ? ನಿಮಗ ತೋರಿಸೂಣು ಅಂತ ಕುರ್ಚಿ ಕಡೆ ತಿರುಗಿದೆ, ಪ್ರಿಂಟರ್ ಇತ್ತು.

ನಿಮಗ ಗೊತ್ತಿರದ ಸುದ್ದಿ ಒಂದೈತಿ. ನಿನ್ನೆ ಗಬ್ಬೂರಿನ ಹೊಸಾ ಎಣ್ಣಿ ಗಿರಣಿಗೆ ‘ತೂಕ’ದ ಫೈಲೂ ಆ ಮೂರನೇದೂ ಅಷ್ಟ ಒಯ್ದೆ. ನೀವು ಬರದದ್ರಾಗ ಒಂದ ಅಕ್ಷರಾನೂ ತಿದ್ದಲಿಲ್ಲ. ಶೇಂಗಾದ ಮೊದಲನೇ ಗಾಡಿನ ಸರಿಯಾಗಿ ತೂಗಿತು. ಅಲ್ಲಿ ಮಾಲಕರು, ‘ಛಲೋ ಬರದೀರಿ ನೋಡ್ರಿ’ ಅಂದ್ರು.

‘ನಾ ಅಲ್ರಿ, ನಮ್ಮ ಅಕ್ಕಾರು.’

‘ಹಂಗಾರ ಅವರನ್ನೂ ಒಮ್ಮೆ ಕರಕೊಂಡ ಬರ್ರಿ, ಚಾ ಕುಡ್ಯೂಣು.’

ಆತ್ರಿ ಅಂದು ಬಂದೇನಿ.

ನಿಮ್ಮ ಶಬಾನಾ