ತೊಟ್ಟಿಲ ಕುರಿ

ತಂಗಡಗಿ
೧೯ ಜನವರಿ ೨೦೨೫

ನನ್ನ ಹಟಮಾರಿ ಮಗಳು ಭಾಗ್ಯಜ್ಯೋತಿಗೆ,

ಆಶೀರ್ವಾದ ಮೊದಲು, ಜಗಳ ಆಮೇಲೆ. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಹೆಸರಿಟ್ಟು ಎಂಟು ದಿನವಾದರೂ ನಿಷತ ಎನ್ನುವ ಹೆಸರು ನನ್ನ ನಾಲಿಗೆಗೆ ಇನ್ನೂ ಹೊಂದಿಕೊಂಡಿಲ್ಲ. ಕರೆದು ಕರೆದು ರೂಢಿ ಮಾಡಿಕೊಳ್ಳೋಣವೆಂದರೆ ನೀನು ಫೋನೇ ಎತ್ತುವುದಿಲ್ಲ. ಎತ್ತಿದರೂ ನನಗೆ ಮಾತು ಮುಗಿಸಲು ಬಿಡುವವಳಲ್ಲ. ಅದಕ್ಕೇ ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಮೊದಲ ಸಲ ಇಷ್ಟುದ್ದ ಬರೆಯಲು ಕೂತಿದ್ದೇನೆ. ಕಾಗದ ಓದುವವರಿಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಿನ್ನ ಸಿಟ್ಟು ನನಗೆ ಗೊತ್ತು. ನಮ್ಮ ಮನೆತನದಲ್ಲಿ ಬಸುರಿ ಮಗಳ ಕುಬಸದ ದಿನ ಹಿಂಡಿನಿಂದ ಒಂದು ಎಳೆಯ ಹೆಣ್ಣು ಕುರಿ ಆರಿಸಿ, ಕಿವಿಗೆ ಗುರುತು ಹಾಕಿ, ಹುಟ್ಟಲಿರುವ ಕೂಸಿನ ಪಾಲಿಗೆ ಬಿಡುತ್ತೇವೆ. ಹೆಸರಿಡುವ ದಿನ ಅದನ್ನು ತಂದು ತೊಟ್ಟಿಲ ಹತ್ತಿರ ಕಟ್ಟುವುದು ತವರಿನವರ ಕೆಲಸ. ನಿನ್ನ ತೊಟ್ಟಿಲ ಕುರಿಯ ಸಂತಾನವೇ ನಿನ್ನನ್ನು ಓದಿಸಿ ಟೀಚರ್ ಮಾಡಿದ್ದು. ಆ ದಿನ ಹಲಸಂಗಿಯ ನಿನ್ನ ಮನೆಯಲ್ಲಿ ಬೀಗರೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ನಾನು ಕೂಸಿಗೆ ತೊಡಿಸುವ ಕುಂಚಿಗೆ, ಬೆಳ್ಳಿಯ ಕಡಗ ಹಿಡಿದು ಬಂದೆ, ಕುರಿ ಬರಲಿಲ್ಲ. ನಿನ್ನ ಅತ್ತೆ ಚಹಾ ಕೊಟ್ಟರು. ನೀನು ಒಳಗೆ ಕರೆದು "ಅವ್ವಾ, ನನ್ನ ಮಗಳ ಕುರಿ ಎಲ್ಲಿ ಐತಿ?" ಎಂದೆ. ದವಾಖಾನೆಗೆ ಕೊಟ್ಟೆನೆಂದೆ. "ಬಿಲ್ ಕಟ್ಟಿದ ಮ್ಯಾಲ ಮತ್ತ ಕುರಿ ಯಾಕ ಕೊಟ್ಟಿ?" ಎಂದು ಮುಖ ತಿರುಗಿಸಿದವಳು ಇನ್ನೂ ತಿರುಗಿಸಿಕೊಂಡೇ ಇದ್ದೀ.

ಯಾಕೆಂದು ಹೇಳುತ್ತೇನೆ. ಬಿಲ್ಲಿನಲ್ಲಿ ಎಲ್ಲವೂ ಇತ್ತು, ಹಾಲು ಇರಲಿಲ್ಲ.

ಕುಬಸವಾಗಿ ಎಂಟೇ ದಿನಕ್ಕೆ ಬಿ.ಪಿ. ಏರಿ, ದಿನ ತುಂಬುವ ಮೊದಲೇ ನಿನಗೆ ಹೆರಿಗೆಯಾಯಿತು. ನೀನು ಮುದ್ದೇಬಿಹಾಳದ ದವಾಖಾನೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ. ನಾನು ಕೂಸನ್ನು ಕಟ್ಟಿಕೊಂಡು ಬಾಗೇವಾಡಿಯ ಮಕ್ಕಳ ದವಾಖಾನೆಗೆ ಓಡಿದೆ. ಒಂದೂಕಾಲು ಕಿಲೋ. ಆಗಷ್ಟೇ ಹುಟ್ಟಿದ ಕುರಿಮರಿಗಿಂತ ಹಗುರ. ಅಲ್ಲಿ ಹನ್ನೊಂದು ದಿನ ಕೂಸಿಗೆ ಡಬ್ಬಿಯ ಹಾಲು ಹಾಕಿದರೆಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು.

ಸಂಪದಾ ಡಾಕ್ಟರಬಾಯಿ ನನ್ನನ್ನು ಕೂಡಿಸಿ ಹೇಳಿದರು: "ಇಷ್ಟು ಸಣ್ಣ ಕೂಸಿಗೆ ಡಬ್ಬಿ ಹಾಲು ತಡಿಯಂಗಿಲ್ರಿ. ಬ್ಯಾರೆ ತಾಯಂದಿರು ಕೊಟ್ಟ ಹಾಲು ನಮ್ಮಲ್ಲಿ ಐತ್ರಿ, ತಪಾಸಣಿ ಮಾಡಿ, ಕಾಯಿಸಿ ಇಟ್ಟಿರ್ತೇವಿ. ಹಾಕೂಣೇನ್ರಿ?" ನಿನ್ನ ಹತ್ತಿರ ಕೂತಿದ್ದ ಅಳಿಯ ದುಂಡೇಶ ಫೋನಿನಲ್ಲಿ "ನೀವು ಹೆಂಗಂತೀರಿ ಹಂಗ್ರಿ ಅತ್ತಿ" ಎಂದರು. ಹಾಕಿರೆಂದೆ. ಅವರಿಗೆ ಬಯ್ಯಬೇಡ, ಅವರ ಬಾಯಿ ಕಟ್ಟಿದವಳೂ ನಾನೇ.

ಕುರಿ ಕಾಯುವ ಮನೆಯವಳಿಗೆ ಇದೇನು ಹೊಸದು? ತಾಯಿಗೆ ಹಾಲಿಲ್ಲದ ಮರಿಯನ್ನು ಇನ್ನೊಂದು ಕುರಿಗೆ ಬಿಡುವುದು ನಮ್ಮ ನಿತ್ಯದ ಕೆಲಸ. ಮೊದಲು ಅದು ಒದೆಯುತ್ತದೆ. ನಾವು ಕಾಲು ಹಿಡಿದು ಕೂರುತ್ತೇವೆ. ಇಲ್ಲಿ ಮಾತ್ರ ಯಾರ ಕಾಲನ್ನೂ ಹಿಡಿಯದೆ, ಯಾವ ಊರಿನ ಯಾವ ತಾಯಿಯೋ ತಾನಾಗಿ ಹಾಲು ಕೊಟ್ಟು ಹೋಗಿದ್ದಳು. ನಳಿಕೆಯಲ್ಲಿ ಒಂದು ಚಮಚ ಇಳಿಯುವುದನ್ನು ನೋಡುತ್ತ ಗಾಜಿಗೆ ಹಣೆ ಹಚ್ಚಿ ಅತ್ತೆ. ಆಕೆಗೆ ಉಡಿ ತುಂಬಬೇಕು, ಹೆಸರು ಹೇಳಿರೆಂದರೆ "ಹೇಳಾಕ ಬರಂಗಿಲ್ರಿ" ಎಂದರು. ಆಗಲೇ ಬಾಯಿಂದ ಬಂತು: ಕೂಸು ಮನೆಗೆ ಬಂದರೆ ಅದರ ತೊಟ್ಟಿಲ ಕುರಿ ಈ ದವಾಖಾನೆಗೆ. ಬೇರೆ ಕುರಿ ಕೊಡಬಹುದಿತ್ತು ಎನ್ನುತ್ತೀ. ಅದು ನಾನು ಕೊಟ್ಟಂತಾಗುತ್ತಿತ್ತು. ಹಾಲು ಕುಡಿದವಳು ಅವಳು, ಅವಳದೇ ಹೋಗಲಿ ಅನಿಸಿತು.

ಕೂಸು ಮನೆಗೆ ಬಂದ ಮರುವಾರ ನಿನ್ನ ಅಪ್ಪ ಕುರಿಯ ಮೈ ತೊಳೆದು, ಕೊರಳಿಗೆ ಗೆಜ್ಜೆ ಕಟ್ಟಿ, ಹಣೆಗೆ ಭಂಡಾರ ಹಚ್ಚಿದರು. ಟಂಟಂ ಗಾಡಿಗೆ ಹತ್ತಿಸಿಕೊಂಡು ಬಾಗೇವಾಡಿಗೆ ಹೋದೆವು. ಗೇಟಿನವನು "ಇದು ಮಕ್ಕಳ ದವಾಖಾನಿರಿ, ದನದ್ದು ಆ ಕಡೆ ಐತಿ" ಎಂದ. ನಿನ್ನ ಅಪ್ಪ ಮೀಸೆ ತಿರುವಿ "ಇದಕ್ಕ ಜಡ್ಡಿಲ್ಲಪಾ, ಇದು ದಾನ" ಎಂದರು. ಅಷ್ಟರಲ್ಲಿ ದಾನ ಹೋಗಿ ಕುಂಡದ ದಾಸವಾಳವನ್ನು ಬುಡದ ತನಕ ಮೇಯ್ದು ಮುಗಿಸಿತ್ತು.

ಡಾಕ್ಟರಬಾಯಿ ಹೊರಗೆ ಬಂದರು. ನಗು ತಡೆಯಲು ಬಹಳ ಕಷ್ಟಪಟ್ಟರು, ಪಾಪ. "ಇದನ್ನ ನಾವು ಎಲ್ಲಿ ಕಟ್ಟೂಣ್ರಿ? ತಗೊಳ್ಳಾಕ ಬರಂಗಿಲ್ರಿ" ಎಂದರು. ಕೊಟ್ಟೆನೆಂದ ಮೇಲೆ ತಿರುಗಿ ಒಯ್ಯುವುದು ಹೇಗೆ? ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಪಕ್ಕದಲ್ಲಿ ಸಿಂದಗಿಯ ಜಯತೀರ್ಥ ಎಂಬ ಮಾಸ್ತರರು ಕೂತಿದ್ದರು. ಅವರ ಚೀಲದ ತುಂಬ ಮುಷ್ಟಿಯಷ್ಟು ಮುಷ್ಟಿಯಷ್ಟು ಉಣ್ಣೆಯ ಕುಲಾವಿಗಳು, ಹೆಂಡತಿ ವೆಂಕೂಬಾಯಿ ಹೆಣೆದವು. ಅವರ ಕೂಸು ಈಗ ಎಷ್ಟು ದೊಡ್ಡದಾಯಿತೆಂದು ಕೇಳಿದೆ. "ನಮ್ಮ ಮೊಮ್ಮಗಳು ಹತ್ತೊಂಬತ್ತು ದಿನ ಇದ್ದಳ್ರಿ" ಎಂದರು. "ಅಷ್ಟೂ ದಿನ ಇಲ್ಲಿಯವರು ಆಕಿನ್ನ ಹೆಸರು ಹಿಡಿದು ಕರೆದು ಮಾತಾಡಿಸಿದರು. ಅದಕ್ಕ ಪ್ರತಿ ವರ್ಷಾ ಇಲ್ಲಿ ಕೂಸುಗಳಿಗೆ ಕುಲಾವಿ ತರ್ತೇವಿ." ನೋಡು ಜ್ಯೋತಿ, ನಮ್ಮದು ಉಳಿಯಿತೆಂಬ ಖುಷಿಗೆ ನಾನು ಕೊಡಲು ಬಂದಿದ್ದೆ. ಅವರದು ಉಳಿದಿರಲಿಲ್ಲ, ಆದರೂ ಬಂದಿದ್ದರು.

ದಾರಿ ಹುಡುಕಿದವರು ನಿನ್ನ ಅಪ್ಪ. ದೇವರ ಹೆಸರಿಗೆ ಬಿಟ್ಟ ಕುರಿಯನ್ನು ಗುಡಿಯಲ್ಲಿ ಕಟ್ಟುತ್ತೇವೆಯೇ? ಹಿಂಡಿನಲ್ಲೇ ಇರುತ್ತದೆ. ಮೇಯಿಸುವುದು ನಾವು, ಕುರಿ ದೇವರದು. ಹಾಗೆಯೇ ಇದೂ ನಮ್ಮ ಹಿಂಡಿನಲ್ಲಿರಲಿ, ಇದರ ಮರಿಗಳಿಂದ ಬಂದದ್ದು ಹಾಲು ಕಾಯಿಸಿಡುವ ಆ ಕೋಣೆಗೆ ಹೋಗಲಿ ಎಂದರು. ಡಾಕ್ಟರಬಾಯಿ ಒಪ್ಪಿದರು. ಮಾಸ್ತರರು ಕುರಿಯ ಒಂದು ಕಿವಿಗೆ ಕುಲಾವಿ ತೊಡಿಸಿ ಫೋಟೊ ಹೊಡೆದರು. ನರ್ಸುಗಳೆಲ್ಲ ಹೊರಗೆ ಬಂದು ನಕ್ಕಿದ್ದೇ ನಕ್ಕಿದ್ದು.

ಮೊನ್ನೆ ಮಂಗಳವಾರ ಆ ಕುರಿ ಈದಿದೆ. ಅವಳಿ! ನಮ್ಮ ಹಿಂಡಿನಲ್ಲಿ ಅವಳಿ ಕಂಡು ಆರು ವರ್ಷವಾಗಿತ್ತು, ಅದೂ ಚೊಚ್ಚಲಿಗೆ. ನಿನ್ನ ಅಪ್ಪ ಊರೆಲ್ಲ ತಿರುಗಿ "ದವಾಖಾನಿಯವರಿಗೆ ಅವಳಿ ಆಗ್ಯಾವ" ಎಂದು ಸಾರಿ ಬಂದರು. ಸಂಜೆಯೊಳಗೆ ಮೂವರು ಬಂದು ಡಾಕ್ಟರಬಾಯಿ ಹೇಗಿದ್ದಾರೆಂದು ನನ್ನನ್ನು ವಿಚಾರಿಸಿದರು.

ಇನ್ನು ಆ ಸುಳ್ಳಿನ ಮಾತು. ನಿನಗೆ ಎಚ್ಚರವಾದ ಮೇಲೂ ಹಾಲು ಇಳಿಯದಾಗ ನೀನು ಗೋಡೆಯ ಕಡೆ ತಿರುಗಿ "ನಾ ಎಂಥಾ ತಾಯಿ" ಎಂದು ಅತ್ತೆ. ಇನ್ನೊಬ್ಬಳ ಹಾಲು ಕುಡಿದಳೆಂದು ಕೇಳಿದರೆ ಕೂಸೇ ನಿನ್ನದಲ್ಲ ಅಂದುಕೊಳ್ಳುತ್ತೀಯೆಂದು ಹೆದರಿದೆ. ಹೇಳಬೇಕಿತ್ತು. ನಿನ್ನನ್ನು ಕೇಳದೆ ಕುರಿ ಕೊಟ್ಟದ್ದೂ ತಪ್ಪೇ. ಕೂಸಿನ ತಾಯಿ ನೀನು. ನಿನಗೆ ಒಪ್ಪಿಗೆಯಿಲ್ಲವೆಂದರೆ ಒಂದು ಮಾತು ಹೇಳು, ಮೂರನ್ನೂ ಹಲಸಂಗಿಗೆ ತಂದು ಕಟ್ಟುತ್ತೇನೆ, ಡಾಕ್ಟರಬಾಯಿಗೆ ನಾನೇ ಉತ್ತರ ಕೊಡುತ್ತೇನೆ. ಒಪ್ಪಿಗೆಯಿದ್ದರೆ ಕೂಸನ್ನು ಕರೆದುಕೊಂಡು ಬಾ, ಮರಿಗಳಿಗೆ ಹೆಸರಿಡುವುದಿದೆ.

ಬೈಸಿಕೊಳ್ಳಲು ತಯಾರಾಗಿ ಕೂತಿರುವ
ನಿನ್ನ ಅವ್ವ
ಸುರೇಖಾ

ತಾ.ಕ.: ಲಕೋಟೆ ಅಂಟಿಸುವಾಗ ಪಕ್ಕದ ಮನೆಯ ಮರೆವ್ವ ಬಂದಳು. ಅವಳಿಗೆ ಓದಿ ಹೇಳಿದೆ. "ಅರ್ಧಾನ ಬರದೀಯಲ್ಲ" ಎಂದು ಬೈದಳು. ಇನ್ನರ್ಧ ಇದು. ನೀನು ಹುಟ್ಟಿದಾಗ ನನಗೂ ಹಾಲು ಇಳಿಯಲಿಲ್ಲ. ನಾಲ್ಕು ತಿಂಗಳು ನಿನಗೆ ಹಾಲುಣಿಸಿದವಳು ಮರೆವ್ವ. ಆಗ ನಾನೂ ನಿನ್ನ ಹಾಗೆಯೇ ಅತ್ತಿದ್ದೆ, ನಾಚಿಕೆಯಾಗಿ ಇಪ್ಪತ್ತೇಳು ವರ್ಷ ಬಾಯಿ ಬಿಡಲಿಲ್ಲ. ಮರೆವ್ವ ನಗುತ್ತ ಇಷ್ಟು ಬರೆಸುತ್ತಿದ್ದಾಳೆ: "ಹಾಲು ನಂದು ಖರೆ. ಆದ್ರ ಈ ಸಿಟ್ಟೈತಲ್ಲವಾ, ಅದು ಪೂರಾ ನಿಮ್ಮವ್ವಂದು."