ಗೇಟಿನಾಚೆಯ ಹುಲ್ಲು

ಪಕ್ಕದ ಮನೆಯವರಿಗೆ,

ನಿಮಗೆ ಮಂಡಿನೋವು ಶುರುವಾದಾಗಿನಿಂದ ರಸ್ತೆಯಂಚಿನ ಹುಲ್ಲನ್ನು ನಿಮ್ಮ ಗೇಟಿನವರೆಗೂ ನಾನೇ ಕೊಯ್ಯುತ್ತಿದ್ದೆ. ನೀವು ಮೆಟ್ಟಿಲ ಮೇಲೆ ಕೂತು, "ನಮ್ಮಿಬ್ಬರದೂ ಒಂದೇ ಮನೆ ಕಣೇ" ಎನ್ನುತ್ತಿದ್ದಿರಿ.

ಮಗಳ ಹೆರಿಗೆಗೆ ಹೊರಟಾಗ, ನಿಮ್ಮ ಮಗನ ಕೈಲಿ ಕೊಯ್ಸಿ ಎಂದು ಕುಡುಗೋಲನ್ನು ನಿಮಗೇ ಕೊಟ್ಟುಹೋದೆ. ಯಾರೂ ಕೊಯ್ಯಲಿಲ್ಲ. ನಿಮ್ಮ ಗೇಟಿನೆದುರು ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಗುಂಡಿಗೆ ಅಂಚೆಯವರು ಬಿದ್ದು ಕಾಲು ಮುರಿದುಕೊಂಡರು. ವಿಚಾರಿಸಲು ಬಂದ ಪುರಸಭೆಯವರಿಗೆ, "ಅದೆಲ್ಲ ಅವಳದ್ದೇ ಸ್ವಾಮಿ, ಕೊಯ್ಯೋಳು ಅವಳೇ ಅಲ್ವಾ?" ಎಂದಿರಂತೆ. ನೋಟಿಸು ನನ್ನ ಹೆಸರಿಗೇ ಬಂದಿದೆ.

ನನ್ನ ಗೇಟಿನೆದುರಿನ ಹುಲ್ಲು ಕೊಯ್ಯಬೇಕಿದೆ. ಕುಡುಗೋಲನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟುಬಿಡಿ. ನೀವೇ ತಂದುಕೊಡಬೇಡಿ. ಮುಖ ಕಂಡರೆ ಬಾಯಿತಪ್ಪಿ "ಅಕ್ಕಾ" ಅಂದುಬಿಟ್ಟೇನು.

ಇತಿ,
ಕೊಯ್ಯೋಳು