ಹುಳು ಜ್ವರಕ್ಕೆ ಕೂತ ದಿನ ಬಾರಿಸದ ಗಂಟೆ

ಅಪ್ಪಾ,

ಬೈಯುವುದಿದ್ದರೆ ಮೊದಲೇ ಬೈದುಬಿಡು. ಮೊನ್ನೆ ಸಿದ್ದಮ್ಮ ತೀರಿಕೊಂಡಳು, ನಾನು ನಿನ್ನ ಗಂಟೆ ಬಾರಿಸಲಿಲ್ಲ.

ಬೊಂಬೆ ಕಡೆಯುತ್ತಿದ್ದ ಖಾದರ್ ಸಾಬರು ಸತ್ತ ದಿನ ನೀನು ತಲೆಯ ಸೋಪು ಕೂಡ ತೊಳೆಯದೆ ದೇವಾಲಯಕ್ಕೆ ಓಡಿದ್ದೆ. ‘ಅವ್ರು ನಮ್ಮ ಸಭೆಯೋರಲ್ವಲ್ಲಪ್ಪಾ’ ಅಂದಿದ್ದಕ್ಕೆ, ‘ಸತ್ಮೇಲೆ ಎಲ್ರೂ ಊರೋರೇ ಕಣ್ಲಾ’ ಎಂದು ಗದರಿದ್ದೆ. ಮೂರು ಪೆಟ್ಟು, ನಡುನಡುವೆ ಹತ್ತು ಉಸಿರು. ಊರೆಲ್ಲ ಕೈಕೆಲಸ ಬಿಟ್ಟು ನಿಲ್ಲುತ್ತಿತ್ತು.

ಆ ಮೆಥಡಿಸ್ಟ್ ದೇವಾಲಯದಲ್ಲಿ ಈಗ ಆರಾಧನೆ ಇಲ್ಲ. ನಮ್ಮವರೆಲ್ಲ ಚನ್ನಪಟ್ಟಣ ಸೇರಿದರು, ಉಳಿದದ್ದು ನಮ್ಮದೊಂದೇ ಮನೆ. ಸಭೆಯ ಹಿರಿಯರು ಕಟ್ಟಡವನ್ನು ಊರಿನ ಉಪಯೋಗಕ್ಕೆ ಬಿಟ್ಟರು. ಮನೆಯಲ್ಲಿ ಜಾಗವಿಲ್ಲದ ಹೆಂಗಸರು ಒಟ್ಟಾಗಿ ಅಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಬೀಗದ ಕೈ ಕೊಟ್ಟವನು ನಾನೇ. ಊರಲ್ಲಿ ಯಾರು ಸತ್ತರೂ ಗಂಟೆ ಬಾರಿಸಬೇಕು ಅಂದಿದ್ದೆ. ಆಗ ಎಲ್ಲರೂ ಹೂಂ ಅಂದಿದ್ದರು...

ಮೊನ್ನೆ ಹಗ್ಗಕ್ಕೆ ಕೈ ಹಾಕಿದೆ, ಆ ಹೆಂಗಸರ ಯಜಮಾನಿ ಪುಟ್ಟಮ್ಮ ಅಡ್ಡ ನಿಂತಳು.

‘ಹುಳ ನಾಕ್ನೇ ಜ್ವರಕ್ಕೆ ಕುಂತವೆ ಕಣಣ್ಣ. ಸದ್ದಿಗೆ ಬೆಚ್ಚಿದ್ರೆ ಗೂಡು ಕಟ್ಟಕಿಲ್ಲ.’

ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು ಕೂರುತ್ತದಲ್ಲ, ಅದೇ ಜ್ವರ.

‘ಹುಳಕ್ಕೆ ಕಿವಿ ಐತೇನಮ್ಮಿ?’

‘ನಿಮ್ಗಿಂತ ಚೆನ್ನಾಗೇ ಐತೆ.’

ಬೈದು, ಹಗ್ಗ ಬಿಸಾಕಿ ಬಂದೆ. ಸಿದ್ದಮ್ಮ ಸದ್ದಿಲ್ಲದೆ ಮಣ್ಣಿಗೆ ಹೋದಳು. ನಿನ್ನ ಕೊನೆಗಾಲದಲ್ಲಿ ದಿನಾ ಗಂಜಿ ತಂದು ಕುಡಿಸಿದವಳು. ನನಗೆ ಅನ್ನ ಇಳಿಯಲಿಲ್ಲ. ಒಂದು ಸಲ ತಪ್ಪಿದ್ದು ಇನ್ನೊಂದು ಸಲ ತಪ್ಪದೆ ಇರುತ್ತದೆಯೇ? ಆಮೇಲೆ ಈ ಗಂಟೆ ಯಾಕೆ ಅನ್ನುತ್ತಾರೆ, ಇಳಿಸುತ್ತಾರೆ. ನಾನು ಹೋದ ಮೇಲೆ ಹಗ್ಗ ಹಿಡಿಯುವವರು ಯಾರು? ನೀನು ಹೋದ ದಿನವೂ...

ಇವತ್ತು ಬೆಳಿಗ್ಗೆ ಪುಟ್ಟಮ್ಮ ಬಾಗಿಲಿಗೆ ಬಂದಳು. ‘ಹುಳ ಎದ್ದವೆ. ಬನ್ನಿ, ಸಿದ್ದಕ್ಕಂಗೆ ಬಾರ್ಸಾನ.’

‘ಮಣ್ಣಾದ್ಮೇಲೆ ಏನು ಬಾರ್ಸೋದು?’

‘ಸತ್ತೋರ್ಗೇನು ಅರ್ಜೆಂಟಾ? ಒಂದಿನ ಕಾಯ್ತಾರೆ. ನಂಗೂ ಒಸಿ ಕಲಿಸ್ಕೊಡಿ.’

ಉಸಿರು ಎಣಿಸುವುದನ್ನು ಕಲಿಸಿದೆ. ಮೂರು ಪೆಟ್ಟೂ ಅವಳೇ ಹೊಡೆದಳು. ಎರಡನೆಯದಕ್ಕೆ ಅವಸರ ಮಾಡಿದಳು, ಗದರಿದೆ. ಆಮೇಲೆ ಹಗ್ಗ ಕಿತ್ತುಕೊಂಡು ನಾನೂ ಮೂರು ಹೊಡೆದೆ.

‘ಇದ್ಯಾರ್ಗಣ್ಣ?’ ಅಂದಳು.

ನೀನು ಸತ್ತ ದಿನ ನಾನು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿದ್ದೆ. ಬರುವಷ್ಟರಲ್ಲಿ ಮಣ್ಣಾಗಿತ್ತು. ಊರಿಗೆಲ್ಲ ಬಾರಿಸಿದವನಿಗೆ ಯಾರೂ ಬಾರಿಸಿರಲಿಲ್ಲ. ಮಾರನೇ ದಿನವಾದರೂ ಬಾರಿಸಬಹುದು ಎಂದು ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ. ಇವತ್ತು ಬಾರಿಸಿದ್ದೇನೆ ಅಪ್ಪಾ, ಕೇಳಿಸಿತೇ?

ನನ್ನದನ್ನು ಪುಟ್ಟಮ್ಮ ಬಾರಿಸುತ್ತಾಳೆ. ಹುಳು ಜ್ವರಕ್ಕೆ ಕೂತಿದ್ದರೆ ನಾನೂ ಒಂದು ದಿನ ಕಾಯುತ್ತೇನೆ.